ಮಿಸ್ಸಿಂಗ್ ಎಂಬ ಪದ, ಒಂದು ಚೊಂಬು ನೀರು

ಎಲ್ಲಿಂದ ಶುರು ಮಾಡಲಿ? ನಿಘಂಟಿನಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ. ಟೆಲಿಗ್ರಾಂನಿಂದ ಅಂದರೆ ಈಗಲೇ ಅಳು. ಬಾಯಾರಿಕೆಯಿಂದ ಶುರು ಮಾಡುತ್ತೇನೆ.

೧

೧೯೪೩ರ ಬೇಸಿಗೆ. ಬಿಳಿಚೋಡಿನ ಷಣ್ಮುಖಪ್ಪ ಮೇಷ್ಟ್ರು ಜಗಳೂರಿನಿಂದ ಗಂಟಲು ಒಣಗಿಸಿಕೊಂಡು ನಡೆದು ಬರುತ್ತಿದ್ದರು. ಜೇಬಿನಲ್ಲಿ ಉಚ್ಚಂಗೆಮ್ಮನ ಹೆಸರಿಗೆ ಬಂದ ಟೆಲಿಗ್ರಾಂ. ಊರಿಗೆ ಇಂಗ್ಲಿಷ್ ಓದುವವರು ಇವರೊಬ್ಬರೇ ಆದ್ದರಿಂದ ಅಂಚೆಯವರು ಇವರ ಕೈಗೇ ಕೊಟ್ಟಿದ್ದರು. ಆಕೆಯ ಗಂಡ ಜಂಪಣ್ಣ ಬರ್ಮಾ ಗಡಿಯ ಯುದ್ಧಕ್ಕೆ ಹೋದವನು. ಅವನ ಹೆಸರಿನ ಪಕ್ಕ ಒಂದು ಪದವಿತ್ತು: ಮಿಸ್ಸಿಂಗ್.

ಎರಡು ತುಂಡು, ಮಿಸ್, ಇಂಗ್. ಒತ್ತು ಮೊದಲನೆಯದರ ಮೇಲೆ. ಶಾಲೆಯಲ್ಲಿ ಚಪ್ಪಾಳೆ ತಟ್ಟಿಸಿ ಕಲಿಸುತ್ತಿದ್ದದ್ದೂ ಹಾಗೆಯೇ. ಮೇಷ್ಟ್ರು ಹೆಜ್ಜೆಗೊಂದು ತುಂಡು ಹೇಳಿಕೊಂಡೇ ಬಂದರು. ಮಿಸ್ ಅಂದರೆ ಗುರಿ ತಪ್ಪುವುದು. ರೈಲು ತಪ್ಪುವುದು. ಮದುವೆಯಾಗದ ಹುಡುಗಿ. ಯಾರನ್ನೋ ನೆನೆದು ಕೊರಗುವುದು. ಇಂಗ್ ಹಚ್ಚಿದರೆ ಕಾಣೆ. ಇಷ್ಟು ಅರ್ಥಗಳಲ್ಲಿ ಉಚ್ಚಂಗೆಮ್ಮನ ಬಳೆ ಇರಬೇಕೋ ಒಡೆಯಬೇಕೋ ಎಂಬುದು ಒಂದರಲ್ಲೂ ಇರಲಿಲ್ಲ.

೨

(ಈ ಭಾಗವನ್ನು ಎರಡು ಸಲ ಹರಿದು ಹಾಕಿದ್ದೇನೆ. ಮೊದಲ ಡ್ರಾಫ್ಟಿನಲ್ಲಿ ಮೇಷ್ಟ್ರು ಭಾಷಣ ಬಿಗಿದರು. ಎರಡನೆಯದರಲ್ಲಿ ನಾನೇ ಬಿಗಿದೆ.)

ಸಾವಿನ ಸುದ್ದಿ ತಂದವರು ಆ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಮೇಷ್ಟ್ರು ಹೊನ್ನಾಳಿ ಕಡೆಯಿಂದ ಬಂದು ನೆಲೆಸಿದವರು, ಆದರೂ ಈ ಪದ್ಧತಿ ಅವರಿಗೂ ಗೊತ್ತಿತ್ತು. ಆದರೆ ಆ ಬಿಸಿಲು! ಉಚ್ಚಂಗೆಮ್ಮ ಬಾಗಿಲಲ್ಲಿ ಚೊಂಬು ಚಾಚಿದಳು, ಇವರು ಗಟಗಟ ಕುಡಿದುಬಿಟ್ಟರು. ಆಮೇಲೆ ಆಕೆಯ ಮುಖ ನೋಡಿದರು. ಆಕೆಯ ಕಣ್ಣು ಇವರ ಜೇಬಿನಿಂದ ಇಣುಕುತ್ತಿದ್ದ ಟೆಲಿಗ್ರಾಂ ಮೇಲಿತ್ತು.

“ಹಂಗಾರೆ ಜೀವ ಐತೆ ಅನ್ರಿ!”

“ಕಾಣೆ ಅಂತ ಬರ್ದಾರೆ ನೋಡಮ್ಮ. ಅದಕ್ಕೆ ಅರ್ಥ ಬಾಳ ಐತೆ…”

“ಅರ್ಥ ನಿಮ್ ತಾವೇ ಇರ್ಲಿ ಮೇಷ್ಟ್ರೇ. ನೀರು ಕುಡಿದ್ರಲ್ಲ, ನಂಗಷ್ಟು ಸಾಕು.”

೩

ಮೂರು ವರ್ಷ ಆಕೆ ಕೈತುಂಬ ಹಸಿರು ಬಳೆ ತೊಟ್ಟಳು. ಅಣ್ಣ ಹಾಲೇಶಪ್ಪ ತವರಿಗೆ ಕರೆದರೂ ಹೋಗಲಿಲ್ಲ. ಗಂಡ ಬಂದು ಬೀಗ ನೋಡಿ ವಾಪಸು ಹೋದರೆ? ಮೇಷ್ಟ್ರು ಮಾತ್ರ ಆ ಬೀದಿ ಬಿಟ್ಟು ಸುತ್ತು ದಾರಿಯಲ್ಲಿ ಶಾಲೆಗೆ ಹೋಗತೊಡಗಿದರು.

“ನಾನೇನು ಸುಳ್ಳು ಹೇಳಿದ್ನಾ? ನೀರು ಕುಡಿದೆ, ಅಷ್ಟೆ,” ಎಂದು ಅವರು ನನ್ನ ಮೇಲೆ ರೇಗುತ್ತಾರೆ.

ಸರಿ ಮೇಷ್ಟ್ರೇ, ಮತ್ತೆ ಸುತ್ತು ದಾರಿ ಯಾಕೆ? ಅವರು ಕನ್ನಡಕ ಒರೆಸುತ್ತಾರೆ.

೪

೧೯೪೬. ಸೈನ್ಯದ ಕಚೇರಿಯಿಂದ ಕಾಗದ ಬಂತು. ಜಂಪಣ್ಣನನ್ನು ಹೂಳಿದ ಜಾಗದ ಹೆಸರೂ ಅದರಲ್ಲಿತ್ತು. ಈ ಸಲ ನಿಘಂಟು ಬೇಕಾಗಲಿಲ್ಲ.

ಮೇಷ್ಟ್ರು ಅದೇ ಬಾಗಿಲಲ್ಲಿ ನಿಂತಿದ್ದಾರೆ. ಉಚ್ಚಂಗೆಮ್ಮ ಏನೂ ಕೇಳದೆ ಚೊಂಬು ತಂದಿದ್ದಾಳೆ.

ಒಂದು ಮುಕ್ತಾಯ: ಅವರು ಕುಡಿಯುತ್ತಾರೆ. ಕಾಗದ ಜೇಬಿನಲ್ಲೇ ಉಳಿಯುತ್ತದೆ, ಆಕೆ ಮುದುಕಿಯಾಗುವ ತನಕ ಕಾಯುತ್ತಾಳೆ.

ಇನ್ನೊಂದು: ಕೈ ಮುಗಿದು ಬೇಡವೆನ್ನುತ್ತಾರೆ. ಕಾಗದ ಬಿಚ್ಚುವ ಮೊದಲೇ ಬಳೆ ಒಡೆಯುತ್ತವೆ.

ಎರಡನ್ನೂ ಬರೆದೆ, ಎರಡನ್ನೂ ಹೊಡೆದು ಹಾಕಿದೆ. ಮಳೆ ತರಿಸಿ ತಪ್ಪಿಸಿಕೊಳ್ಳೋಣವೆಂದರೆ ಬಿಳಿಚೋಡಿನಲ್ಲಿ ಅದು ಯಾರ ಮಾತೂ ಕೇಳುವುದಿಲ್ಲ. ನನಗೆ ಧೈರ್ಯವಿಲ್ಲ. ಒಪ್ಪಿಕೊಂಡು ಪೆನ್ನಿಗೆ ಕ್ಯಾಪು ಹಾಕಿದೆ.

“ಕುಡೀರಿ ಮೇಷ್ಟ್ರೇ,” ಅಂದಳು ಉಚ್ಚಂಗೆಮ್ಮ.

ಮೇಷ್ಟ್ರು ನನ್ನತ್ತ ನೋಡಿದರು. ನಾನು ನಿಮ್ಮತ್ತ ನೋಡಿದೆ.

“ಯಾರಾರ ಒಬ್ರು ಕುಡೀರಪ್ಪಾ, ಕೈ ಸೋಲ್ತೈತೆ. ಕಾಗ್ದದಾಗೆ ಏನೈತೆ ಅಂತ ನಂಗೆ ಗೊತ್ತೈತೆ. ಇವತ್ತೊಂದಿನ ಕುಡೀರಿ.”