ಲೀಗ್ ಕಪ್ಪಿನ ಕೀಪರ್

ಮಸಾನ್ ಬಂದರಿನ ನಮ್ಮ ಫುಟ್‌ಬಾಲ್ ತಂಡದ ಬಿಡಾರದಲ್ಲಿ ನಾನು ಹತ್ತೊಂಬತ್ತು ವರ್ಷ ಅಡುಗೆ ಮಾಡಿದೆ. ಎಷ್ಟೋ ಆಟಗಾರರು ನನ್ನ ಕೈಯ ಅನ್ನ ಉಂಡು ಹೋದರು. ಪ್ಯೋ ದೊಕ್-ಸುವಿನಂಥ ಇನ್ನೊಬ್ಬನನ್ನು ನಾನು ಕಾಣಲಿಲ್ಲ.

ಅವನು ತಂಡದ ಎರಡನೆಯ ಗೋಲ್‌ಕೀಪರ್. ಮೊದಲನೆಯವನಿಗೆ ಪೆಟ್ಟಾದರೆ ಮಾತ್ರ ಎರಡನೆಯವನಿಗೆ ಕೆಲಸ. ನಮ್ಮ ಮೊದಲನೆಯವನು ತಾಕ್ ಜೇ-ಉನ್. ದೊಕ್-ಸುವಿಗಿಂತ ಆರು ವರ್ಷ ಚಿಕ್ಕವನು, ರಾಷ್ಟ್ರೀಯ ತಂಡದವನು, ಒಂದು ದಿನವೂ ನೆಗಡಿಯೆಂದು ಮಲಗಿದವನಲ್ಲ. ಹೀಗಾಗಿ ಒಂಬತ್ತು ವರ್ಷಗಳಲ್ಲಿ ದೊಕ್-ಸು ಲೀಗಿನ ಒಂದು ಪಂದ್ಯವನ್ನೂ ಆಡಲಿಲ್ಲ.

ಅವನ ಪಾಲಿಗಿದ್ದದ್ದು, ಲೀಗಿನಿಂದ ಬೇರೆಯಾಗಿ ನಡೆಯುವ ಲೀಗ್ ಕಪ್ ಒಂದೇ. ಆ ಕಪ್ಪಿಗೆ ನೆಟ್ಟಗೆ ಒಂದು ಹೆಸರೂ ಇರಲಿಲ್ಲ. ಒಂದು ಕಾಲಕ್ಕೆ ಬೂಟಿನ ಕಂಪನಿಯ ಹೆಸರು, ಇನ್ನೊಂದು ಕಾಲಕ್ಕೆ ಫ್ರಿಜ್ ಮಾಡುವವರ ಹೆಸರು. ಕೆಲವು ವರ್ಷ ನಡೆಯುತ್ತಲೇ ಇರಲಿಲ್ಲ, ಒಂದೇ ವರ್ಷ ಎರಡೆರಡು ಸಲ ನಡೆದದ್ದೂ ಉಂಟು. ಪಂದ್ಯ ವಾರದ ನಡುವೆ, ಮುಕ್ಕಾಲು ಕ್ರೀಡಾಂಗಣ ಖಾಲಿ. ದೊಡ್ಡ ಆಟಗಾರರಿಗೆ ಅಂದು ವಿಶ್ರಾಂತಿ. ಹೊಸಬರು, ಗಾಯದಿಂದ ಎದ್ದವರು, ಬೆಂಚಿನವರು ಆಡುತ್ತಿದ್ದರು. "ತಂಗಳನ್ನದ ಕಪ್" ಎಂದು ಹುಡುಗರು ನಗುತ್ತಿದ್ದರು.

ದೊಕ್-ಸು ನಗುತ್ತಿರಲಿಲ್ಲ. ರಜೆಯ ದಿನಗಳಲ್ಲಿ ಬಸ್ಸು ಹತ್ತಿ, ಬೇರೆ ತಂಡಗಳ ಮೀಸಲು ಆಟಗಾರರ ಪಂದ್ಯಗಳನ್ನು ನೋಡಿಕೊಂಡು ಬರುತ್ತಿದ್ದ.

"ರಜೆ ದಿನಾನೂ ಅದೇನ್ ನೋಡೋಕೆ ಓಡ್ತೀಯೋ? ಹೆಂಡ್ತಿ ಬೈಯಲ್ವಾ?" ಎಂದು ಒಮ್ಮೆ ಕೇಳಿದೆ.

"ಬೈತಾಳೆ ಚಿಕ್ಕಮ್ಮ. ಬೈದು, ಬುತ್ತಿ ಕಟ್ಕೊಂಡು ಅವಳೂ ಬರ್ತಾಳೆ."

ಆ ವರ್ಷ ನಮ್ಮ ತಂಡ ಕಪ್ಪಿನ ಫೈನಲ್ ತಲುಪಿತು. ಅಲ್ಲಿಯವರೆಗಿನ ಪ್ರತಿ ಪಂದ್ಯದಲ್ಲೂ ದೊಕ್-ಸುವೇ ಕೀಪರ್. ಆದರೆ ಫೈನಲ್ಲಿಗೆ ಎರಡು ದಿನ ಇರುವಾಗ ಕೋಚ್ ಮಾ ಊಟದ ಮನೆಗೆ ಬಂದು, "ಗೋಲಿಗೆ ಜೇ-ಉನ್" ಎಂದುಬಿಟ್ಟರು.

"ಆಗ್ಲಿ, ಮೇಷ್ಟ್ರೇ" ಎಂದ ದೊಕ್-ಸು. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡು ಎದ್ದ. ಜೇ-ಉನ್ ಮಾತ್ರ ಅರ್ಧ ಊಟಕ್ಕೇ ಚಾಪ್‌ಸ್ಟಿಕ್ ಕೆಳಗಿಟ್ಟ.

ಫೈನಲ್ ನಮ್ಮ ಮೈದಾನದಲ್ಲೇ ಇತ್ತು. ನಾನು ಹುಡುಗರಿಗೆ ಅನ್ನದ ಸುರುಳಿ, ಕಿಂಬಾಪ್, ಸುತ್ತಿಕೊಂಡು ಹೋಗಿದ್ದೆ. ಆಟಕ್ಕೆ ಒಂದು ಗಂಟೆ ಇರುವಾಗ ಜೇ-ಉನ್ ಬಲಗೈ ಬೆರಳಿಗೆ ಪಟ್ಟಿ ಸುತ್ತಿಕೊಂಡು ಬಂದ. ಬೆಳಗಿನ ಅಭ್ಯಾಸದಲ್ಲಿ ಉಳುಕಿದೆ, ಚೆಂಡು ಹಿಡಿಯಲಾರೆ ಎಂದ. ದೊಕ್-ಸು ಆ ಪಟ್ಟಿಯನ್ನೇ ನೋಡಿ ನನ್ನನ್ನು ಪಕ್ಕಕ್ಕೆ ಕರೆದ.

"ಚಿಕ್ಕಮ್ಮ, ನಿಜ ಹೇಳಿ. ಇವನ ಬೆರಳಿಗೆ ಏನಾದ್ರೂ ಆಗಿದೆಯಾ?"

ನನಗೆ ಸುಳ್ಳು ಹೇಳಲಾಗಲಿಲ್ಲ. "ಮಧ್ಯಾಹ್ನ ನನ್ನ ಕಿಮ್ಚಿ ಜಾಡಿ ಮುಚ್ಚಳ ಬರ್ತಾ ಇರ್ಲಿಲ್ಲ. ಅದೇ ಕೈಲಿ ಒಂದೇ ಏಟಿಗೆ ತಿರುಗಿಸಿ ಕೊಟ್ಟ ಕಣಪ್ಪ."

ದೊಕ್-ಸುವಿನ ಮುಖ ಕೆಂಪಾಯಿತು. ಜೇ-ಉನ್‌ನ ತೋಳು ಹಿಡಿದು ಕೋಚ್ ಮುಂದೆ ನಿಲ್ಲಿಸಿದ.

"ಮೇಷ್ಟ್ರೇ, ಇವನಿಗೇನೂ ಆಗಿಲ್ಲ. ಇವನೇ ಆಡ್ಲಿ."

"ಅಣ್ಣಾ, ಸುಮ್ನಿರು!"

"ನೀನು ಸುಮ್ನಿರೋ. ನನಗೆ ಯಾರ ಕನಿಕರಾನೂ ಬೇಡ."

"ಕನಿಕರ ಅಲ್ಲ!" ಜೇ-ಉನ್ ದನಿ ಏರಿಸಿದ. "ಇವತ್ತು ಅವರ ಕಡೆ ಆಡೋರಲ್ಲಿ ಐದು ಜನದ ಮುಖಾನೇ ನನಗೆ ಗೊತ್ತಿಲ್ಲ. ನೀನು ಎಲ್ಲರನ್ನೂ ನೋಡಿದ್ದೀಯ. ಮೇಷ್ಟ್ರಿಗೆ ಎದುರು ಹೇಳೋ ಧೈರ್ಯ ಬರ್ಲಿಲ್ಲ, ಅದಕ್ಕೇ ಬೆರಳಿನ ಸುಳ್ಳು."

ಕೋಚ್ ಮಾ ಇಬ್ಬರನ್ನೂ ದುರುಗುಟ್ಟಿ ನೋಡಿ ಕೇಳಿದರು:

"ಅವರ ಹದಿನೇಳನೇ ನಂಬರ್ ಹೇಗೆ?"

ಜೇ-ಉನ್ ನೆಲ ನೋಡಿದ. ದೊಕ್-ಸು ಹೇಳಿದ: "ಎಡಗಾಲಿನವನು. ಓಡೋವಾಗ ತಲೆ ಎತ್ತಲ್ಲ. ಕೀಪರ್ ಮುಂದಕ್ಕೆ ನುಗ್ಗಿದ್ರೂ ಅವನಿಗೆ ತಡವಾಗಿ ಕಾಣ್ಸೋದು."

"ಒಂಬತ್ತು?"

"ಮೊಣಕಾಲು ಆಪರೇಷನ್ ಆದ್ಮೇಲೆ ಹೆಡ್ ಮಾಡೋಕೆ ಜಿಗಿಯಲ್ಲ. ಕೆಳಗಿನ ಚೆಂಡಿಗೇ ಕಾಯ್ತಾನೆ."

"ಸುಳ್ಳು ಹೇಳಿದ್ದಕ್ಕೆ ಒಬ್ಬ, ನನ್ನ ಮುಂದೆ ಜಗಳ ಆಡಿದ್ದಕ್ಕೆ ಇನ್ನೊಬ್ಬ, ನಾಳೆ ಇಪ್ಪತ್ತು ಸುತ್ತು ಓಡಿ," ಎಂದರು ಕೋಚ್. "ದೊಕ್-ಸು, ಗ್ಲೌಸ್ ಹಾಕ್ಕೋ."

ಹತ್ತನೆಯ ನಿಮಿಷದಲ್ಲೇ ಅವನ ಕೈಯಿಂದ ಸುಲಭದ ಚೆಂಡೊಂದು ಜಾರಿ ಗೋಲಾಯಿತು. ಕ್ರೀಡಾಂಗಣ ಅಂದು ತುಂಬಿತ್ತು. "ಕಡಲಪಾಚಿ ಸಾರು ಕುಡಿದು ಬಂದ್ಯೇನೋ!" ಎಂದು ಯಾರೋ ಕಿರುಚಿದರು. ಕುಡಿದರೆ ಹಿಡಿದದ್ದೆಲ್ಲ ಜಾರುತ್ತದೆಂದು ನಮ್ಮವರು ನಂಬುವ ಆ ಲೋಳೆ ಸಾರನ್ನು ಪಂದ್ಯದ ದಿನ ನಾನು ಒಲೆಯ ಮೇಲೇ ಇಡುತ್ತಿರಲಿಲ್ಲ, ನನಗೇ ಬೈದಂತಾಯಿತು.

ದೊಕ್-ಸು ಗ್ಲೌಸ್ ತಟ್ಟಿಕೊಂಡು ನಿಂತ. ಆಮೇಲೆ ಎದುರಾಳಿಗಳ ಒಬ್ಬೊಬ್ಬರ ನಂಬರನ್ನೂ ಕೂಗಿ ಹೇಳುತ್ತಾ ನಮ್ಮ ಹುಡುಗರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸತೊಡಗಿದ. ಒಂಬತ್ತರವನ ಕಾಲಿಗೆ ಆಮೇಲೆ ಚೆಂಡೇ ಸಿಗಲಿಲ್ಲ. ಮಧ್ಯಂತರದ ಹೊತ್ತಿಗೆ ಒಂದೊಂದು ಗೋಲಿನ ಸಮ. ಎಂಬತ್ತನಾಲ್ಕನೆಯ ನಿಮಿಷದಲ್ಲಿ ನಮ್ಮದು ಎರಡಾಯಿತು. ಕೊನೆಗೆ ಹದಿನೇಳರವನು ಎಲ್ಲರನ್ನೂ ದಾಟಿ ಒಬ್ಬನೇ ಬಂದ, ತಲೆ ತಗ್ಗಿಸಿಕೊಂಡೇ. ದೊಕ್-ಸು ಗೋಲು ಬಿಟ್ಟು ಮುಂದಕ್ಕೆ ಹಾರಿ, ಅವನ ಕಾಲಡಿಯಿಂದಲೇ ಚೆಂಡನ್ನು ಅಪ್ಪಿಕೊಂಡ.

ಸೀಟಿ ಊದಿದಾಗ ಮೊದಲು ಓಡಿ ಅವನ ಮೇಲೆ ಬಿದ್ದವನು ಜೇ-ಉನ್. ಮರುದಿನ ಇಬ್ಬರೂ ಇಪ್ಪತ್ತು ಸುತ್ತು ಓಡಿದರು. ಕೋಚ್ ಒಂದನ್ನೂ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಆ ಕಪ್ಪನ್ನೇ ನಿಲ್ಲಿಸಿದರು. ಅಷ್ಟರಲ್ಲಿ ದೊಕ್-ಸು ಆಟ ಬಿಟ್ಟು, ನಮ್ಮ ತಂಡದಲ್ಲೇ ಕೀಪರ್‌ಗಳಿಗೆ ಕಲಿಸುತ್ತಿದ್ದ. ಬೇಜಾರಾಯಿತೇ ಎಂದು ಕೇಳಿದೆ.

"ನನಗಲ್ಲ ಚಿಕ್ಕಮ್ಮ. ಈಗಿನ ಎರಡನೇ ಕೀಪರ್ ಎಲ್ಲಿ ಆಡ್ಬೇಕು?"

ಅವನೇ ಸುತ್ತಲಿನ ವಿಶ್ವವಿದ್ಯಾಲಯಗಳಿಗೆ ಹೋಗಿ ಮಾತಾಡಿ, ಅವರ ತಂಡಗಳೊಡನೆ ತಿಂಗಳಿಗೆ ಎರಡು ಪಂದ್ಯ ಗೊತ್ತುಮಾಡಿದ. ಮೊದಲ ಪಂದ್ಯಕ್ಕೆ ಬಂದವರು ನಲವತ್ತು ಜನ. ನಮ್ಮ ಎರಡನೇ ಕೀಪರ್ ಮೂರು ಗೋಲು ಬಿಟ್ಟುಕೊಟ್ಟ, ಐದು ತಡೆದ. ದೊಕ್-ಸು ಗೋಲಿನ ಹಿಂದೆ ನಿಂತು ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದ.