ಹೂ ಬಿಟ್ಟ ದಿನದ ಸವಾರಿ

ಇಲ್ಲ ಎಂದೇ ಹೇಳುವುದು. ಏರಿನಲ್ಲಿ ಪೆಡಲಿನ ಮೇಲೆ ಎದ್ದು ನಿಂತು ತುಳಿಯುತ್ತ ನಂದನ್ ಆ ವಾಕ್ಯವನ್ನು ಇನ್ನೊಮ್ಮೆ ಜೋಡಿಸಿಕೊಂಡ. 'ತಪ್ಪು ತಿಳಿಯಬೇಡಿ ಮಾವ, ತೋಟ ನನ್ನಿಂದಾಗುವ ಕೆಲಸವಲ್ಲ.' ವಿನಯ ಸಾಕಷ್ಟಿತ್ತು. ಹೇಳುವುದಕ್ಕೆ ಉಸಿರು ಮಾತ್ರ ಉಳಿದಿರಲಿಲ್ಲ.

ಹೆಂಡತಿ ಧನ್ಯಾ ಆಗಲೇ ತಿರುವಿನಾಚೆ ಹೋಗಿಯಾಗಿತ್ತು. ಅವಳದು ಕಾಲೇಜಿನ ಕಾಲದ ಹಗುರವಾದ ಸೈಕಲ್ಲು. ಅವನ ಪಾಲಿಗೆ ಬಂದದ್ದು ಮಾವ ಪರಮೇಶ್ವರಪ್ಪನವರ ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದ ರೈಟರ್ ಬಾಲರಾಜನ ಕರಿ ಸೈಕಲ್ಲು. ಶಿವರಾತ್ರಿಗೆ ಮುಂಚೆ ಬಾಲರಾಜ ಕೆಲಸ ಬಿಟ್ಟು ಹೋಗಿದ್ದ. ಸೈಕಲ್ಲು ತೋಟದ್ದಾದ್ದರಿಂದ ಉಳಿದುಕೊಂಡಿತ್ತು.

ಕುದುರೆಮುಖದಲ್ಲಿ ಗಣಿ ನಿಂತು ವರ್ಷ ದಾಟಿತ್ತು. ಗಣಿ ಕೆಲಸಕ್ಕೆಂದು ಕಲ್ಲುಮಣ್ಣು ಓದಿದ ನಂದನ್ ಈಗಲೂ ದಿನಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದ. ಅಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಅದನ್ನೇ ಅಚ್ಚುಕಟ್ಟಾಗಿ ಮಾಡಿ ಬರುತ್ತಿದ್ದ. ಅಲ್ಲಿ ಕೂತು ಏನು ಮಾಡ್ತೀರಿ, ಬಂದು ತೋಟ ನೋಡಿಕೊಳ್ಳಿ, ನಾಳೆ ಸಂಜೆಯೊಳಗೆ ಒಂದು ಮಾತು ಹೇಳಿ ಎಂದು ರಜೆಗೆ ಬಂದವನಿಗೆ ಮಾವ ನಿನ್ನೆ ಊಟದ ಹೊತ್ತಿಗೆ ಹೇಳಿದ್ದರು. ಧನ್ಯಾ ಸಾರು ಬಡಿಸುತ್ತಿದ್ದಳು. ತಲೆಯೆತ್ತಲಿಲ್ಲ. ಬೆಳಿಗ್ಗೆ ಎದ್ದವಳೇ, ಹೂ ಬಿಟ್ಟಿದೆ, ಸೈಕಲ್ಲಿನಲ್ಲಿ ಹೋಗಿ ನೋಡಿಕೊಂಡು ಬರೋಣ ಎಂದಿದ್ದಳು.

ಇಲ್ಲ ಎಂದರೆ ಅವಳು ತನ್ನ ಜೊತೆ ವಾಪಸ್ಸು ಬರುತ್ತಾಳೆಯೇ? ಆ ಪ್ರಶ್ನೆಯನ್ನು ಅವನು ಇಲ್ಲಿಯವರೆಗೆ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಈಗ ಏರಿನಲ್ಲಿ ಅದೂ ಹಿಂದೆಯೇ ಬರುತ್ತಿತ್ತು.

ತಿರುವಿನಲ್ಲಿ ಒಂದು ಕಾಲು ನೆಲಕ್ಕೂರಿ ಅವಳು ಕಾಯುತ್ತಿದ್ದಳು. ಅವಳ ಹಿಂದೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗಿತ್ತು. ರೋಬಸ್ಟಾ ಗಿಡಗಳ ರೆಕ್ಕೆರೆಕ್ಕೆಗೂ, ಅಡ್ಡಕ್ಕೆ ಚಾಚಿದ ಕೊಂಬೆಕೊಂಬೆಗೂ ಹೂ, ಎಲೆ ಕಾಣದಷ್ಟು. ಪರಿಮಳ ಬಿಸಿಲಿನ ಜೊತೆ ಸೇರಿ ತಲೆ ಸುತ್ತಿಸುವಂತಿತ್ತು. ಅವನು ನೋಡಿದ್ದು ಮಾತ್ರ ಅವಳನ್ನು. ಮೂಗಿನ ಮೇಲೆ ಬೆವರು, ಕೆಂಪಾದ ಕೆನ್ನೆ, ಗುಡ್ಡವನ್ನೆಲ್ಲ ತಾನೇ ಅರಳಿಸಿದವಳ ಹಾಗೆ ಒಂದು ಗತ್ತು. ಗಣಿಯ ಕ್ವಾರ್ಟರ್ಸಿನಲ್ಲಿ ಇವಳು ಬಟ್ಟೆ ಒಣಹಾಕುತ್ತಾಳೆ, ಕಿಟಕಿ ಮುಚ್ಚುತ್ತಾಳೆ, ಪಕ್ಕದ ಮನೆಯವರೂ ಖಾಲಿ ಮಾಡಿದರು ಎಂದು ವರದಿ ಕೊಡುತ್ತಾಳೆ. ಈ ಹೆಂಗಸನ್ನು ಅವಳು ಎಲ್ಲಿ ಬಚ್ಚಿಟ್ಟಿದ್ದಳು? ಎಷ್ಟು ಚೆನ್ನಾಗಿದ್ದಾಳೆ ಎನ್ನಿಸಿ ಅವನಿಗೆ ನಿಜಕ್ಕೂ ನೋವಾಯಿತು.

ಅದನ್ನೇ ಹೇಳಬೇಕೆಂದುಕೊಂಡ. "ನೀರಿದೆಯಾ?" ಎಂದ.

ಬಾಟಲಿ ಕೊಟ್ಟು ಅವಳು ಮತ್ತೆ ಮುಂದೆ ಹೋದಳು. ಅವನು ಕುಡಿಯುತ್ತ ನಿಂತಿದ್ದಾಗ ಸೌದೆ ಹೊತ್ತ ಮುದುಕಿಯೊಬ್ಬಳು ಇಳಿಜಾರಿನಲ್ಲಿ ಬಂದಳು. ಆಳುಗಳ ಲೈನ್‌ಮನೆಯ ಸಿದ್ದಮ್ಮ, ತೋಟದ ಹಳೇ ಆಳು. ಮುಖ ಗುರುತಿಸುವಷ್ಟು ದೃಷ್ಟಿ ಈಗ ಅವಳಿಗಿರಲಿಲ್ಲ. ಅವಳ ಕಣ್ಣು ಮೊದಲು ಸೈಕಲ್ಲಿನ ಮೇಲೆ, ಆಮೇಲೆ ಅವನ ಇಸ್ತ್ರಿಯ ಅಂಗಿಯ ಮೇಲೆ ಬಿತ್ತು.

"ಹೊಸ ರೈಟ್ರಾ?" ಎಂದಳು. "ಬಂದಿದ್ದು ಒಳ್ಳೇದಾಯ್ತು ಬಿಡಿ. ಇಲ್ಲೇ ನಿಲ್ತೀರಲ್ಲ?"

"ಹ್ಞೂಂ, ನಿಲ್ತೀನಿ."

ಯಾಕೆ ಹಾಗೆಂದನೋ. ಅಳಿಯ ಎಂದರೆ ಅವಳು ಹೊರೆ ಇಳಿಸಿ ಕೈ ಮುಗಿದಾಳು, ಅದೆಲ್ಲ ಬೇಡ ಎನ್ನಿಸಿರಬೇಕು. ಅಥವಾ ಯಾರೋ ಒಬ್ಬರು ತನ್ನನ್ನು ಒಂದು ಕೆಲಸಕ್ಕೆ ಬೇಕಾದವನೆಂದು ತಿಳಿದದ್ದು ಹಿತವಾಗಿರಬೇಕು. ಸಿದ್ದಮ್ಮ ಸಮಾಧಾನವಾಗಿ ಇಳಿದು ಹೋದಳು. ಅವನು ತಿರುಗಿದರೆ, ಹುಡುಕಿಕೊಂಡು ವಾಪಸ್ಸು ಬಂದ ಧನ್ಯಾ ಅಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನಿಲ್ತೀರಾ?"

"ಸುಮ್ನೆ ಅಂದೆ."

ಅವಳು ನಕ್ಕಳು. ಸುಮ್ಮನೆ ಎಂದದ್ದನ್ನು ನಾಚಿಕೆ ಎಂದು ತಿಳಿದಳೆಂದು ಅವನಿಗೆ ಆ ನಗುವಿನಿಂದಲೇ ಗೊತ್ತಾಯಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ತನ್ನ ಕಡೆ ಹಾಗೆ ನಕ್ಕಿದ್ದು ನೆನಪಿರಲಿಲ್ಲ. ಜೋಡಿಸಿಟ್ಟ ವಾಕ್ಯವನ್ನು ಹೇಳುವುದಕ್ಕೆ ಅದೇ ಸರಿಯಾದ ಗಳಿಗೆ. ಆ ನಗು ಇನ್ನೊಂದು ಸ್ವಲ್ಪ ಹೊತ್ತು ಇರಲಿ ಎಂದು ಬಿಟ್ಟುಕೊಟ್ಟ.

ಸೈಕಲ್ಲುಗಳನ್ನು ಬೇಲಿಗೊರಗಿಸಿ ಇಬ್ಬರೂ ತೋಟದೊಳಗೆ ಇಳಿದರು. ಒಂದು ಆಳೂ ಇರಲಿಲ್ಲ. ಜೇನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೂ ಅರಳಿರುವಾಗ ಯಾರೂ ಗಿಡ ಮುಟ್ಟುವುದಿಲ್ಲ, ಅಪ್ಪ ಮೇಸ್ತ್ರಿಯನ್ನೂ ಒಳಗೆ ಬಿಡುವುದಿಲ್ಲ ಎಂದು ಅವಳು ಪಿಸುಮಾತಿನಲ್ಲಿ ಹೇಳಿದಳು. ರೆಕ್ಕೆಗಳಿಗೆ ಮೈ ತಾಗದಂತೆ ಒಂಚೂರು ಓರೆಯಾಗಿ ನಡೆಯುತ್ತಿದ್ದಳು. ಆ ನಡಿಗೆಯನ್ನು ಅವನು ಕಣ್ತುಂಬ ನೋಡಿದ. ಭೂಮಿಯನ್ನು ಅಗೆಯುವುದನ್ನಷ್ಟೇ ಕಲಿತವನಿಗೆ, ಅದರ ಮೇಲೆ ಹೀಗೂ ಕಾಲಿಡಬಹುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲೇ ಇದ್ದುಬಿಡಬಹುದೇನೋ ಎಂದು ಮೊದಲ ಸಲ ಅನ್ನಿಸಿತು. ಸೆಕೆ ತಡೆಯಲಾಗುತ್ತಿರಲಿಲ್ಲ. ಅವಳಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕು. ಆಕಾಶ ನೋಡಿದ, ಕಳಸದ ದಿಕ್ಕಿನಲ್ಲಿ ಮೋಡ ಕಟ್ಟಿತ್ತು.

"ಈಗೊಂದು ಮಳೆ ಬಂದ್ರೆ ಎಷ್ಟು ಚೆನ್ನಾಗಿರತ್ತೆ ಅಲ್ವಾ?"

ಅವಳು ನಿಂತುಬಿಟ್ಟಳು. ನಗು ಹೋಗಿತ್ತು.

"ಇವತ್ತು ಆ ಮಾತಾಡ್ಬೇಡಿ ರೀ," ಎಂದಳು. "ಹೋದ ವಾರ ಸ್ಪ್ರಿಂಕ್ಲರ್ ನೀರು ಹೊಡೆಸಿ ಅರಳಿಸಿದ ಹೂವು. ಇವತ್ತು ನೆನೆದ್ರೆ ಕಾಯಿ ಕಚ್ಚಲ್ಲ. ಅಷ್ಟೂ ಗೊತ್ತಿಲ್ವಾ ನಿಮಗೆ?"

ಗೊತ್ತಿರಲಿಲ್ಲ. ಮಳೆ ಬೇಡದ ಬೇಸಿಗೆಯ ದಿನವೂ ಒಂದಿರುತ್ತದೆಂದು ಅವನ ಪುಸ್ತಕಗಳಲ್ಲಿ ಇರಲಿಲ್ಲ. ತಪ್ಪಾಯಿತು ಎನ್ನಬೇಕೆಂದುಕೊಳ್ಳುವಷ್ಟರಲ್ಲಿ ಗಾಳಿ ಎದ್ದು, ಜೇನು ಇದ್ದಕ್ಕಿದ್ದಂತೆ ಸುಮ್ಮನಾಯಿತು. ಮೊದಲ ಹನಿ ಅವನ ಕತ್ತಿನ ಮೇಲೆಯೇ ಬಿತ್ತು.

ಧನ್ಯಾ ಹೆಗಲ ಮೇಲಿನ ವೇಲನ್ನು ಎಳೆದು ಹತ್ತಿರದ ಗಿಡದ ಮೇಲೆ ಹರಡಿ ಹಿಡಿದಳು. ಗುಡ್ಡದ ನೆತ್ತಿಯವರೆಗೂ ಗಿಡಗಳಿದ್ದವು. ವೇಲು ಒಂದು ಗಿಡಕ್ಕೂ ಪೂರ್ತಿ ಸಾಲುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

"ಆ ಕಡೆ ಹಿಡೀರಿ," ಎಂದಳು.

ಹಿಡಿದ. ಗಿಡದಾಚೆ ಅವಳ ಮುಖ ನೆನೆಯುತ್ತಿತ್ತು. ಅವಳನ್ನು ಇಷ್ಟು ಮೆಚ್ಚಿಕೊಂಡದ್ದು ಯಾವತ್ತೂ ಇಲ್ಲ ಎನ್ನಿಸಿತು. ಬೆನ್ನ ಮೇಲೆ ಹರಿಯುವ ತಣ್ಣನೆ ನೀರು ಎಂಥ ಸುಖ ಕೊಡುತ್ತಿತ್ತೆಂದರೆ, ಅದು ಕಾಣದ ಹಾಗೆ ಮುಖ ಬಿಗಿ ಹಿಡಿಯಬೇಕಾಯಿತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

ಮಳೆ ಜೋರಾಯಿತು. ವೇಲು ತೊಯ್ದು ಭಾರವಾಗಿ ನಡುವೆ ಜೋತುಬಿತ್ತು. ಜೋತ ಬಟ್ಟೆ ಹೂಗಳ ಮೇಲೆ ಕೂತು, ಅವುಗಳನ್ನು ರೆಕ್ಕೆಗೆ ಒತ್ತಿ ಹಿಡಿಯಿತು. ಇಬ್ಬರೂ ತಂತಮ್ಮ ತುದಿ ಬಿಡಲಿಲ್ಲ.