ಲೇಸರಿನ ಮೇಜಿನ ಮೇಲೆ ಲೋಟ

"ಗಂಗಕ್ಕ ರಜೆ, ಇವತ್ತು ಚಹಾ ನೀನೇ ತಾ ಮಾರಾಯ್ತಿ" ಎಂದಿದ್ದರು ಪಿಎಚ್.ಡಿ. ಗೈಡ್ ಕೇಶವಪ್ರಸಾದರು. ಕ್ಯಾಂಟೀನಿಗೆ ಹೊರಟ ತನ್ನ ಕಾಲುಗಳ ಮೇಲೆಯೇ ಶ್ರೀರಂಜಿನಿಗೆ ಸಿಟ್ಟು ಬಂದಿತ್ತು.

ಟ್ರೇ ಹಿಡಿದು ಲ್ಯಾಬಿನೊಳಗೆ ಬಂದಾಗ ಕೇಶವಪ್ರಸಾದರು ಮಂಗಳೂರಿನಿಂದ ಬಂದ ಪರೀಕ್ಷಕಿ ಪ್ರೇಮಾವತಿಯವರಿಗೆ ವಿವರಿಸುತ್ತಿದ್ದರು. "ಫೈಬರನ್ನು ಈ ಸಿಲಿಂಡರಿಗೆ ಸುತ್ತಿದ್ದೇನೆ. ವೋಲ್ಟೇಜ್ ಕೊಟ್ಟರೆ ಸಿಲಿಂಡರ್ ಹಿಗ್ಗಿ ಫೈಬರನ್ನು ಎಳೆಯುತ್ತದೆ, ಲೇಸರಿನ ತರಂಗಾಂತರ ಬದಲಾಗುತ್ತದೆ. ನಾಯ್ಸ್ ಮಾತ್ರ ಏರುವುದಿಲ್ಲ."

ಸುತ್ತಿದ್ದೇನೆ! ಎಂಟು ತಿಂಗಳು, ಹನ್ನೊಂದು ಸಲ ತುಂಡಾದ, ಕೂದಲೆಳೆಯಂಥ ಗಾಜಿನ ಫೈಬರ್. ಒಮ್ಮೆಯೂ ಅವರು ಅದನ್ನು ಮುಟ್ಟಿರಲಿಲ್ಲ. ಶ್ರೀರಂಜಿನಿ ಇಬ್ಬರಿಗೂ ಚಹಾ ಕೊಟ್ಟು ಖಾಲಿ ಟ್ರೇ ಹಿಡಿದು ನಿಂತಳು.

ಕೇಶವಪ್ರಸಾದರು ಒಂದು ಗುಟುಕು ಕುಡಿದು ಲೋಟವನ್ನು ಲೇಸರಿನ ಮೇಜಿನ ಮೇಲೆ ಇಟ್ಟರು. ಲೇಸರಿನ ನಾಯ್ಸ್, ಅಂದರೆ ಅದರ ಅಲುಗಾಟ, ತೋರಿಸುವ ಪರದೆಯ ಮೇಲಿನ ನೇರ ಗೆರೆ ನೆಗೆಯಿತು. ಇನ್ನೊಂದು ಗುಟುಕು ಕುಡಿದು ಇಟ್ಟಾಗ ಮತ್ತೆ ನೆಗೆಯಿತು.

"ಎಂತ ಮಾಡಿ ಇಟ್ಟಿದ್ದೀ ನೀನು? ನಿನ್ನೆ ಯಾವ ಸ್ಕ್ರೂ ತಿರುಗಿಸಿದ್ದು?" ಎಂದು ಅವರು ಅವಳ ಮೇಲೆ ರೇಗಿದರು.

"ಸರ್, ಲೋಟ ತೆಗೀರಿ."

"ಎಂತ?"

"ಈ ಮೇಜಿನ ಮೇಲೆ ಎಂತದ್ದೂ ಇಡ್ಲಿಕ್ಕಿಲ್ಲ. ಲೋಟ ಇಟ್ಟ ಸದ್ದೂ ಈ ಲೇಸರಿಗೆ ಗೊತ್ತಾಗ್ತದೆ. ಇಲ್ಲಿ ಕೂತು ಕೆಲಸ ಮಾಡಿದವರಿಗೆ ಅದು ಗೊತ್ತುಂಟು."

ಕೇಶವಪ್ರಸಾದರು ಲೋಟ ಎತ್ತಿಕೊಂಡರು. ಗೆರೆ ಮತ್ತೆ ನೆಗೆಯದೆ ನೇರವಾಗಿಯೇ ಉಳಿಯಿತು.

ಪ್ರೇಮಾವತಿ ಅವಳ ಕಡೆ ತಿರುಗಿ ಕೇಳಿದರು, "ಫೈಬರ್ ಸುತ್ತಿದ್ದು ಯಾರು?"

"ನಾನು ಮೇಡಂ."

"ಹಾಗಾದರೆ ನೀವೇ ತೋರಿಸಿ."

ವೋಲ್ಟೇಜ್ ನಿಧಾನ ಏರಿಸಲು ಎರಡೂ ಕೈ ಬೇಕು. ಶ್ರೀರಂಜಿನಿ ಟ್ರೇಯನ್ನು ಕೇಶವಪ್ರಸಾದರ ಕೈಗೆ ಕೊಟ್ಟಳು.